ಎಕ್ಸ್‌ಚೇಂಜ್ ಬಾಯೋರ ಎರಡು ಲೈನು

ಅವರ ಬಲಗಿವಿಯಲ್ಲಿ ಕೆಂಪು ಹರಳಿನ ಬೆಂಡೋಲೆ ಇರುತ್ತಿತ್ತು, ಎಡಗಿವಿ ಬೋಳು. ಚುಚ್ಚಿದ ತೂತು ಮುಚ್ಚಿಹೋಗಿ ಒಂದು ಚುಕ್ಕಿ ಮಾತ್ರ ಉಳಿದಿತ್ತು. ಕುಮಟಾದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕಿವಿಯ ಮೇಲೆ ಹೆಡ್‌ಸೆಟ್ ಕೂತಿತ್ತು. ಓಲೆ ಒತ್ತುತ್ತದೆಂದು ಕೆಲಸಕ್ಕೆ ಸೇರಿದ ತಿಂಗಳೇ ತೆಗೆದಿಟ್ಟರಂತೆ. ಮದುವೆಮನೆಗೆ ಹೋದರೆ ಗೊತ್ತಿಲ್ಲದ ಹೆಂಗಸರು ಇನ್ನೊಂದು ಓಲೆ ಎಲ್ಲಿ ಬಿತ್ತೆಂದು ನೆಲ ಹುಡುಕಲು ಶುರುಮಾಡುತ್ತಿದ್ದರು. "ಬೀಳ್ಲಿಲ್ಲ. ಅದು ಸರ್ಕಾರದ ಕಿವಿ" ಎಂದು ಇವರು ನಿರಾಳವಾಗಿ ಊಟಕ್ಕೆ ಕೂರುತ್ತಿದ್ದರು.

ನಮ್ಮ ಮನೆಯಿಂದ ಎರಡು ಮನೆ ಆಚೆ ಅವರ ಮನೆ. ಮದುವೆಯಾಗಿರಲಿಲ್ಲ, ಅದರ ಬಗ್ಗೆ ಅವರಿಗೆ ಬೇಸರವೂ ಇರಲಿಲ್ಲ, ಬೇರೆಯವರು ಬೇಸರ ಮಾಡಿಕೊಳ್ಳಲು ಬಿಡುತ್ತಲೂ ಇರಲಿಲ್ಲ. ಬೀದಿಯವರೆಲ್ಲ ಅವರನ್ನು, ಅಮ್ಮಾವ್ರು ಎನ್ನುವ ಹಾಗೆ, ಎಕ್ಸ್‌ಚೇಂಜ್ ಬಾಯೋರು ಎಂದೇ ಕರೆಯುತ್ತಿದ್ದರು. ಮನೆಮಾತು ಕೊಂಕಣಿ, ನಮ್ಮೊಡನೆ ಕನ್ನಡ. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಫೋನ್ ಎತ್ತಿದರೆ "ಹಲೋ" ಎನ್ನುತ್ತಿರಲಿಲ್ಲ. "ಹೇಳಿ, ಯಾರು ಬೇಕು?" ಎಂದು ಕೇಳುತ್ತಿದ್ದರು. ಆ ಮನೆಯಲ್ಲಿ ಅವರ ಹೊರತು ಇನ್ನೊಂದು ನರಪಿಳ್ಳೆ ಇರಲಿಲ್ಲ ಎಂಬುದು ಬೇರೆ ಮಾತು.

ಕೈಯಿಂದ ಲೈನ್ ಜೋಡಿಸುವ ಬೋರ್ಡು ಹೋಗಿ ಯಂತ್ರ ಬಂದಾಗ ಜತೆಯವರು ಅತ್ತರಂತೆ, ಇವರು ಅಳಲಿಲ್ಲ. ಹೊಸ ಯಂತ್ರ ಜೋಡಿಸಲು ಬಂದವರ ಬೆನ್ನುಹತ್ತಿ ಎಲ್ಲವನ್ನೂ ಕೇಳಿ ಕಲಿತರು. ಆಮೇಲೆ ಇಂಟರ್ನೆಟ್ ಬಂತು, ಅದನ್ನೂ ಕಲಿತರು. ನಾನು ಮದುವೆಯಾಗಿ ತವರೂರು ಬೆಳಕೆಯಿಂದ ಕುಮಟಾಕ್ಕೆ ಬರುವ ಹೊತ್ತಿಗೆ ಬೀದಿಯ ಅಷ್ಟೂ ಮನೆಗಳ ಮೋಡೆಮ್ಮುಗಳಿಗೆ ಅವರೇ ವೈದ್ಯರು. ಕೈಚೀಲದಲ್ಲಿ ಬಣ್ಣಬಣ್ಣದ ಉಲ್ಲನ್ ನೂಲಿನ ತುಂಡುಗಳಿರುತ್ತಿದ್ದವು, ಒಂದೊಂದು ವಾಯರಿಗೆ ಒಂದೊಂದು ಬಣ್ಣ ಕಟ್ಟಲು. ಮೋಡೆಮ್ಮಿನ ಹಿಂದಿರುವ ಸೂಜಿಮೊನೆಯಷ್ಟು ಸಣ್ಣ ರಿಸೆಟ್ ಗುಂಡಿಯನ್ನು ತುರುಬಿನ ಪಿನ್ನು ತೆಗೆದು ಒತ್ತುತ್ತಿದ್ದರು. ಒತ್ತಿದ ಮೇಲೆ ಪಿನ್ನು ಮತ್ತೆ ತುರುಬಿಗೆ. ಸೀದಾ ಯಾವುದಕ್ಕೂ ಕೈ ಹಾಕುವವರಲ್ಲ. ಸೊಂಟದ ಮೇಲೆ ಕೈಯಿಟ್ಟು ಎರಡು ನಿಮಿಷ ದೀಪಗಳನ್ನು ನೋಡುತ್ತಿದ್ದರು. "ಮೊದ್ಲು ನೋಡೂದು. ಮುಟ್ಟೂದು ಆಮೇಲೆ. ಯಂತ್ರಕ್ಕೆ ಹಟ ಇಲ್ಲ, ಹಟ ಇರೂದು ನಮ್ಗೆ."

ನನ್ನ ಹಟದ ಕತೆ ಹೇಳುತ್ತೇನೆ.

ನಾನು ಗಣಿತದ ಟೀಚರು. ಕಲಿಸುತ್ತಿದ್ದ ಖಾಸಗಿ ಶಾಲೆ ಮಕ್ಕಳಿಲ್ಲದೆ ಮುಚ್ಚಿತು. ಎರಡು ವರ್ಷ ಮನೆಯಲ್ಲಿ ಕೂತು, ನನಗೆ ಬರುವ ಒಂದೇ ವಿದ್ಯೆ ತುಕ್ಕು ಹಿಡಿಯುತ್ತಿದೆ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಆಗ ಆನ್‌ಲೈನಿನಲ್ಲಿ ಪಾಠ ಹೇಳುವ ಒಂದು ಸಂಸ್ಥೆಯಲ್ಲಿ ಕಾಯಂ ಹುದ್ದೆಗೆ ಕರೆ ಬಂತು. ಮೂವರು ಪರೀಕ್ಷಕರ ಎದುರು ನಲವತ್ತು ನಿಮಿಷ ಪಾಠ ಮಾಡಿ ತೋರಿಸಬೇಕು. ಮನೆಯ ಹೊರಕೋಣೆಯಲ್ಲಿ ಕಂಪ್ಯೂಟರಿತ್ತು. ಅದಕ್ಕೆ ಮೋಡೆಮ್ಮಿನಿಂದ ನೇರ ವಾಯರು ಬರುತ್ತಿತ್ತು. ಹಿಂದುಗಡೆ ಬೆರಳುದ್ದದ ವೈಫೈ ಕಡ್ಡಿಯೂ ಸಿಕ್ಕಿಸಿತ್ತು. ಎರಡೂ ಒಟ್ಟಿಗೆ ಇದ್ದರೆ ಒಂದಕ್ಕೊಂದು ಕಿತ್ತಾಡಿ ಪಾಠ ಕೆಡುತ್ತದೆಂದು ನಾನೇ ತೀರ್ಮಾನ ಮಾಡಿ, ಹಿಂದಿನ ದಿನವೇ ವೈಫೈಯನ್ನು ಪೂರ್ತಿ ಬಂದ್ ಮಾಡಿ ಜಾಣೆಯಂತೆ ಕೂತೆ.

ನವರಾತ್ರಿ ಕಳೆದ ಮೇಲೆ ನಮ್ಮ ಕಡೆ ಮಧ್ಯಾಹ್ನದ ಗುಡುಗು ಶುರುವಾಗುತ್ತದೆ. ಗುಡುಗಿದ ಕೂಡಲೇ ಮನೆಯ ಅಷ್ಟೂ ಪ್ಲಗ್ಗುಗಳನ್ನು ಕೀಳುವುದು ಇಲ್ಲಿನ ಎಲ್ಲ ಮನೆಗಳ ರೂಢಿ. ಫ್ರಿಜ್ಜು, ಟಿವಿ, ಮಿಕ್ಸರು ಯಾವುದೂ ಬಿಡುವಂತಿಲ್ಲ. ನಮ್ಮಲ್ಲಿ ಆ ಖಾತೆ ಅತ್ತೆಯದು. ಅವರ ತಪ್ಪೂ ಅಲ್ಲ. ಒಂದು ಟಿವಿ ಹೊಗೆಯಾಡಿದ್ದನ್ನು ಕಣ್ಣಾರೆ ಕಂಡವರು. ಪಾಠ ಶುರುವಾಗಿ ಹತ್ತು ನಿಮಿಷಕ್ಕೆ ಗುಡುಗಿತು. ಅತ್ತೆ ಅಡಿಗೆಮನೆಯಿಂದ ಓಡಿಬಂದು ಮೋಡೆಮ್ಮಿನ ಪ್ಲಗ್ಗನ್ನೂ ಕಂಪ್ಯೂಟರಿನ ಹಿಂದಿನ ವಾಯರನ್ನೂ ಒಂದೇ ಉಸಿರಿಗೆ ಕಿತ್ತರು. ಯುಪಿಎಸ್ ಇದ್ದುದರಿಂದ ಕಂಪ್ಯೂಟರ್ ಉರಿಯುತ್ತಲೇ ಇತ್ತು, ಪರೀಕ್ಷಕರು ಮಾತ್ರ ಇರಲಿಲ್ಲ. ಬಾಯಿ ತೆರೆದು ನಿಂತ ನನ್ನ ಮುಖವೇ ಅವರ ಪರದೆಯ ಮೇಲೆ ಕೊನೆಗೆ ಉಳಿದಿರಬೇಕು. ಸಂಜೆ ಪತ್ರ ಬಂತು: ಮುಂದಿನ ಗುರುವಾರ ಮೂರು ಗಂಟೆಗೆ ಇನ್ನೊಂದು ಅವಕಾಶ, ಅದೇ ಕೊನೆಯದು.

ಮರುದಿನ ಬೆಳಿಗ್ಗೆ ಬಾಯೋರ ಮನೆ ಬಾಗಿಲು ತಟ್ಟಿದೆ. ಬಂದು, ಸೊಂಟದ ಮೇಲೆ ಕೈಯಿಟ್ಟು, ಕಂಪ್ಯೂಟರಿನಲ್ಲಿ ಕನೆಕ್ಷನ್ನುಗಳ ಪಟ್ಟಿ ತೆರೆಸಿದರು. ವೈಫೈಯ ಚಿತ್ರ ಬೂದಿಬಣ್ಣವಾಗಿ ಮಲಗಿತ್ತು.

"ಇದನ್ನ ಯಾರು ಬಂದ್ ಮಾಡಿದ್ದು?"

"ನಾನೇ ಬಾಯೋರೆ. ಎರಡೂ ಇದ್ರೆ ಜಗಳ ಆಗ್ತದಲ್ಲ ಅಂತ..."

"ಎಂತ ಮಾರಾಯ್ತಿ! ಎರಡು ಕಾಲು ಕೊಟ್ರೆ ಒಂದನ್ನ ಕಟ್ಟಿಹಾಕಿ ಓಡೂಕೆ ಹೊರಟಿದ್ಯಲ!"

ಆಮೇಲೆ ಸಮಾಧಾನದಿಂದ ಕೂತು ವಿವರಿಸಿದರು. ಹಿಂದೆ ಪರಊರಿಗೆ ಫೋನ್ ಮಾಡುವ ಟ್ರಂಕ್ ಕಾಲ್‌ಗಳಲ್ಲಿ ಆರ್ಡಿನರಿ, ಅರ್ಜೆಂಟ್ ಎಂದು ದರ್ಜೆಗಳಿದ್ದವು. ಇಬ್ಬರೂ ಕಾಯುತ್ತಿದ್ದರೆ ಅರ್ಜೆಂಟಿನವರಿಗೆ ಮೊದಲು ಲೈನು. ಕಂಪ್ಯೂಟರಿಗೂ ಹಾಗೆ ದರ್ಜೆ ಹೇಳಿಕೊಡಬಹುದು. ಅವರು ವೈಫೈಯನ್ನು ಮತ್ತೆ ಚಾಲೂ ಮಾಡಿಸಿ, ಕಂಪ್ಯೂಟರಿನ ಪಟ್ಟಿಯಲ್ಲಿ ವಾಯರಿನ ಮುಂದೆ ಹತ್ತು ಎಂದೂ ವೈಫೈಯ ಮುಂದೆ ಐವತ್ತು ಎಂದೂ ಬರೆಸಿದರು. ಸಣ್ಣ ಅಂಕೆಗೆ ಮೊದಲ ಮರ್ಯಾದೆ. ವಾಯರು ಇರುವ ತನಕ ಕಂಪ್ಯೂಟರ್ ಅದರಲ್ಲೇ ಹೋಗುತ್ತದೆ. ವಾಯರು ಕಿತ್ತರೆ ತಾನಾಗಿ ವೈಫೈಗೆ ಹೊರಳುತ್ತದೆ. ಮೋಡೆಮ್ಮೇ ಆರಿದರೆ ಅದರ ವೈಫೈಯೂ ಆರುವುದರಿಂದ, ಎರಡನೆಯ ದಾರಿ ನನ್ನ ಮೊಬೈಲಿನ ಹಾಟ್‌ಸ್ಪಾಟಿನಿಂದ ಬರಬೇಕು. "ಇನ್ನೊಂದು ನೆನಪಿಟ್ಕ. ರಸ್ತೆಯಲ್ಲಿ ಯಾರಾದ್ರೂ ಕೇಬಲ್ ಕಡಿದ್ರೆ ಮೋಡೆಮ್ ಉರೀತಾನೇ ಇರ್ತದೆ. ಆಗ ಈ ಮಳ್ಳು ಕಂಪ್ಯೂಟರ್ ಸತ್ತ ವಾಯರನ್ನೇ ತಬ್ಬಿಕೊಂಡು ಕೂತಿರ್ತದೆ. ಆವಾಗ ನೀನೇ ವಾಯರು ಕೀಳ್ಬೇಕು."

ನಾನು ಅತ್ತೆಗೆ ಆ ದಿನ ಪ್ಲಗ್ಗು ಮುಟ್ಟಬೇಡಿ ಎಂದು ಹೇಳಿಬಿಡೋಣ ಎಂದೆ. ಬಾಯೋರು ಒಪ್ಪಲಿಲ್ಲ.

"ಹೆದ್ರಿಕೆ ಇದ್ದವ್ರಿಗೆ ಹೆದ್ರಬೇಡಿ ಅಂದ್ರೆ ಆಗೂದಿಲ್ಲ. ನಂಗೆ ಗೊತ್ತು."

ಅವರಿಗೆ ಗೊತ್ತಿತ್ತು. ಕೆಲಸದಲ್ಲಿದ್ದ ಕಾಲದಲ್ಲಿ ಒಮ್ಮೆ, ಮಳೆಗಾಲ ಶುರುವಾಗುವ ಮುಂಚೆ, ಬೋರ್ಡಿನ ಮುಂದೆ ಕೂತಿದ್ದಾಗ ಸಿಡಿಲು ಲೈನು ಹಿಡಿದು ಬಂದು ಹೆಡ್‌ಸೆಟ್ಟಿಗೆ ಹೊಡೆದಿತ್ತು. ಕುರ್ಚಿಯಿಂದ ಕೆಳಗೆ ಬಿದ್ದರಂತೆ. ಕಿವಿ ಮೂರು ತಿಂಗಳು ಗುಂಯ್‌ಗುಟ್ಟಿ ಆಮೇಲೆ ಅರ್ಧಕ್ಕರ್ಧ ಮಂದವಾಯಿತು. ಯಾವುದಕ್ಕೂ ಜಗ್ಗದ ಆ ಹೆಂಗಸು ಮೋಡ ಕಪ್ಪಾದರೆ ಮಾತ್ರ ಮನೆಯ ಒಳಕೋಣೆ ಸೇರಿ, ಬಾಗಿಲು ಹಾಕಿ, ಕಿವಿಗೆ ಹತ್ತಿ ತುರುಕಿಕೊಂಡು ಗೋಡೆಗೆ ಒರಗಿ ಕೂರುತ್ತಿದ್ದರು. ಬೀದಿಗೆಲ್ಲ ಗೊತ್ತಿದ್ದ ವಿಷಯ. ಆ ಹೊತ್ತಿನಲ್ಲಿ ಅವರ ಬಾಗಿಲನ್ನು ಯಾರೂ ತಟ್ಟುತ್ತಿರಲಿಲ್ಲ.

ಹಾಗಾಗಿ ಅತ್ತೆಯನ್ನು ತಡೆಯುವ ಬದಲು ಅವರಿಗೇ ಆಪರೇಟರ್ ಕೆಲಸ ಕೊಟ್ಟರು. ಗುಡುಗಿದರೆ ಅತ್ತೆ ಮೋಡೆಮ್ಮಿನ ಪಕ್ಕ ಬಂದು ಕೈ ಎತ್ತಬೇಕು. ನಾನು ತಲೆ ಅಲ್ಲಾಡಿಸಿದ ಮೇಲೆ ಕೀಳಬೇಕು, ಅದಕ್ಕೆ ಮೊದಲಲ್ಲ. ನನಗೂ ಒಂದು ಕಟ್ಟಳೆ: "ಲೈನ್ ತೆಗೆವಾಗ ಹೇಳಿ ತೆಗೀಬೇಕು. ಎದ್ರು ಇದ್ದವ್ರಿಗೆ ಏನಾರ ಕೆಲ್ಸ ಕೊಡು. ಅರ್ಧ ನಿಮಿಷ ಅವ್ರು ಅದ್ರಲ್ಲಿ ಇರ್ತ್ರು, ಅಷ್ಟ್ರಲ್ಲಿ ನೀನು ಇನ್ನೊಂದು ಲೈನಲ್ಲಿ ಇರ್ತೆ."

ನಾಲ್ಕು ದಿನ ತಾಲೀಮು ನಡೆಯಿತು. ಬಾಯೋರು ತಮ್ಮ ಮನೆಯಲ್ಲಿ ಫೋನ್ ಹಿಡಿದು ನನ್ನ ವಿದ್ಯಾರ್ಥಿನಿಯಾದರು. ಅತ್ತೆ ಮನಸ್ಸಿಗೆ ಬಂದಾಗ ಕೈ ಎತ್ತಿ ಕೀಳುವುದು, ನಾನು ಹೇಳಿ ಬಿಡುವುದು, ಲೈನು ಹೊರಳುವುದು. ಮೊದಲ ದಿನ ನಾನು ಹೇಳುವುದನ್ನೇ ಮರೆತು ತಲೆ ಅಲ್ಲಾಡಿಸಿಬಿಟ್ಟೆ. ನಾಲ್ಕನೆಯ ದಿನ ಅತ್ತೆಗೆ ಎಷ್ಟು ಹುರುಪು ಬಂದಿತ್ತೆಂದರೆ "ಇನ್ನೊಂದ್ಸಲ ಕೀಳ್ಲಾ?" ಎಂದು ಅವರೇ ಕೇಳುತ್ತಿದ್ದರು. ತೊಡಕು ಉಳಿದದ್ದು ಒಂದೇ. ಮೊಬೈಲ್ ಸಿಗ್ನಲ್ ಕೆಳಗೆ ಒಂದೇ ಗೆರೆ, ಮಾಳಿಗೆಯ ಕಿಟಕಿಯಲ್ಲಿ ಸರಳುಗಳ ಆಚೆಗೆ ಹಿಡಿದರೆ ಮೂರು ಗೆರೆ. ಫೋನನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಕಿಟಕಿಯ ಹೊರಗೆ ಉಲ್ಲನ್ ನೂಲಿನಿಂದ ಕಟ್ಟಿ ಇಳಿಬಿಡುವುದೆಂದು ಬಾಯೋರು ಉಪಾಯ ಮಾಡಿದರು.

ಗುರುವಾರ ಎರಡು ಗಂಟೆಗೇ ಪೂರ್ವದಲ್ಲಿ ಮೋಡ ಕಟ್ಟಿತು. ಬಾಯೋರು ಫೋನ್ ಕಟ್ಟಿ, ಪಟ್ಟಿಯಲ್ಲಿ ಎರಡೂ ಕನೆಕ್ಷನ್ನು ಸರಿಯಿವೆಯೆಂದು ನೋಡಿ, ಆಕಾಶದ ಕಡೆ ಒಮ್ಮೆ ತಿರುಗಿ, "ಆತು, ನಾ ಹೋಗ್ತೆ. ನಿಂಗೆ ಬರ್ತದೆ" ಎಂದು ಸರಸರ ಮನೆಗೆ ನಡೆದರು. ಯಾಕೆಂದು ನನಗೂ ಅತ್ತೆಗೂ ಗೊತ್ತಿತ್ತು. ನಾವು ನಿಲ್ಲಿ ಎನ್ನಲಿಲ್ಲ.

ಮೂರಕ್ಕೆ ಪಾಠ ಶುರುವಾಯಿತು. ಭಿನ್ನರಾಶಿ. ದೂರದ ಗುಡುಗು ಆಗಲೇ ಕೇಳುತ್ತಿತ್ತು, ಅತ್ತೆ ತಡೆದುಕೊಂಡರು. ಇಪ್ಪತ್ತೈದು ನಿಮಿಷವಾದಾಗ ತಲೆಯ ಮೇಲೇ ಸಿಡಿದಂತಾಯಿತು. ಅತ್ತೆ ಬಂದು ಕೈ ಎತ್ತಿ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ಪರೀಕ್ಷಕರಿಗೆ ಹೇಳಿದೆ: "ಇಲ್ಲಿ ಗುಡುಗುತ್ತಿದೆ, ನಾನು ಲೈನು ಬದಲಿಸುತ್ತೇನೆ. ಅಷ್ಟರಲ್ಲಿ ನೀವು ಮೂರನೇ ಒಂದಕ್ಕೆ ಐದನೇ ಎರಡನ್ನು ಕೂಡಿಸಿ, ಉತ್ತರ ಕೇಳುತ್ತೇನೆ." ತಲೆ ಅಲ್ಲಾಡಿಸಿದೆ. ಅತ್ತೆ ಕಿತ್ತರು. ಪರದೆ ನಿಂತಿತು. ಒಳಗೊಳಗೇ ಎಣಿಸಿದೆ. ಹದಿನಾಲ್ಕಕ್ಕೆ ಮೂವರೂ ಮರಳಿ ಬಂದರು, ನಡುವಿನವರು ಕಾಗದ ಎತ್ತಿ ಹಿಡಿದು ತೋರಿಸಿದರು: ಹದಿನೈದನೇ ಹನ್ನೊಂದು. "ಸರಿಯುತ್ತರ" ಎಂದೆ. ಅವರು ನಕ್ಕರು. ಹೊರಗೆ ಮರಗಳು ಬಾಗುವಷ್ಟು ಗಾಳಿ, ಮಳೆ. ಸಿಗ್ನಲ್ಲು ಕೊನೆಯ ತನಕ ಒಂದು ಸಲವೂ ತಪ್ಪಲಿಲ್ಲ.

ಮುಗಿದ ಮೇಲೆ ಹೆಡ್‌ಫೋನ್ ಕಿತ್ತೆಸೆದು ಅತ್ತೆಯನ್ನು ತಬ್ಬಿಕೊಂಡೆ. ಅವರು ನನ್ನನ್ನು ಬಿಡಿಸಿಕೊಂಡು ಮಾಳಿಗೆಯ ಕಡೆ ಕೈ ತೋರಿಸಿದರು. "ಮೇಲೆ ಹೋಗು. ಬಾಯೋರು ಇದ್ರು."

ಮೂರು ಗಂಟೆಗೇ ಹೊರಮೆಟ್ಟಿಲು ಹತ್ತಿ ಬಂದಿದ್ದರಂತೆ. ಮನೆಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ, ಈ ಗಾಳಿಗೆ ನೂಲು ತಡೆಯುವುದಿಲ್ಲವೆಂದು ಹೊಳೆಯಿತಂತೆ. ನಾನು ಹೋದಾಗ ಕಿಟಕಿಗೆ ಎದೆಯೊತ್ತಿ ನಿಂತಿದ್ದರು. ಎರಡು ಕಿವಿಗೂ ಹತ್ತಿ. ಕಣ್ಣು ಬಿಗಿಯಾಗಿ ಮುಚ್ಚಿತ್ತು. ಬಲಗೈ ಸರಳಿನ ಆಚೆ ಫೋನನ್ನು ಹಿಡಿದು ಮಳೆಯಲ್ಲಿ ತೊಯ್ದಿತ್ತು, ಸೀರೆಯ ಒಂದು ಬದಿ ಪೂರ್ತಿ ಒದ್ದೆ. ಮೈ ನಡುಗುತ್ತಿತ್ತು, ಕೈ ಮಾತ್ರ ಇಟ್ಟಲ್ಲೇ ಇತ್ತು. ಭುಜ ಮುಟ್ಟಿದೆ. ಕಣ್ಣು ತೆರೆಯದೆ ಗಟ್ಟಿಯಾಗಿ ಕೇಳಿದರು:

"ಮುಗೀತಾ? ಕೈ ತೆಗೀಲಾ?"

ಆ ಕೈಯನ್ನು ನಾನೇ ಒಳಗೆ ತೆಗೆದುಕೊಂಡೆ. ಬೆರಳುಗಳು ಸೆಟೆದು ಫೋನಿನಿಂದ ಬಿಡಿಸಿಕೊಳ್ಳಲಾರದೆ ಹೋಗಿದ್ದವು. ನಾನು ಅಳುತ್ತಿದ್ದೆ. ಅವರು ಒಂದು ಕಿವಿಯ ಹತ್ತಿ ತೆಗೆದು, "ಅಳೂದು ಎಂತಕ್ಕೆ? ಲೈನ್ ಬಂತೋ ಇಲ್ವೋ ಹೇಳು" ಎಂದು ರೇಗಿದರು.

ಕೆಲಸ ಸಿಕ್ಕಿತು, ಇವತ್ತಿಗೂ ಅದೇ ಕೆಲಸ ಮಾಡುತ್ತಿದ್ದೇನೆ. ಹೊನ್ನಾವರ, ಭಟ್ಕಳದ ಟೀಚರುಗಳು ಲೈನು ಕೈಕೊಟ್ಟಾಗ ಈಗ ನನ್ನನ್ನು ಕೇಳುತ್ತಾರೆ. ಹತ್ತು ಎಲ್ಲಿ ಬರೆಯಬೇಕು, ಐವತ್ತು ಎಲ್ಲಿ ಬರೆಯಬೇಕು ಎಂದು ಧೈರ್ಯವಾಗಿ ಹೇಳಿಕೊಡುತ್ತೇನೆ.

ಕಳೆದ ಬೇಸಿಗೆಯಲ್ಲಿ ಬಾಯೋರು ತೀರಿಕೊಂಡರು. ಬೆಳಿಗ್ಗೆ ಚಹಾ ಕುಡಿದು ಕೂತವರು ಏಳಲಿಲ್ಲ. ಅಂದು ನಾನು ರಜೆ ಕೇಳಬೇಕಿತ್ತು. ಸಂಸ್ಥೆಯ ರಜೆಯ ಅರ್ಜಿಯಲ್ಲಿ ತೀರಿಕೊಂಡವರು ನಿಮಗೆ ಏನಾಗಬೇಕು ಎಂಬ ಖಾನೆಯಿತ್ತು. ಅದರಲ್ಲಿ ನೆರೆಮನೆಯವರು ಎಂಬ ಆಯ್ಕೆ ಇರಲಿಲ್ಲ. ತಂದೆ, ತಾಯಿ, ಗಂಡ, ಮಕ್ಕಳು, ಅಷ್ಟೇ. ಆಮೇಲೆ ಬೆಳಕೆಗೆ ಫೋನ್ ಮಾಡಿದೆ. ನನ್ನಮ್ಮ ಅಲ್ಲಿ ಗಟ್ಟಿಮುಟ್ಟಾಗಿದ್ದಾಳೆ. ಹೀಗೆ ಹೀಗೆ, ತಾಯಿ ಎಂದು ತುಂಬಲಾ ಎಂದು ಕೇಳಿದೆ. ಆ ಮಳೆಯ ದಿನದ ಕತೆ ಅವಳಿಗೂ ಗೊತ್ತಿತ್ತು.

"ಬರಿ ಮಗಳೆ" ಎಂದಳು. "ನಂಗೆಂತ ಆಗೂದಿಲ್ಲ."