ಅಕ್ಕನ ಹೊಟ್ಟೆಯ ಮಿಡಿತ

ಮೊನ್ನೆ ಬಸುರಿ ಮೊಮ್ಮಗಳ ಸೊಂಟ ತಿಕ್ಕಲು ಔಡಲೆಣ್ಣೆ ಬೆಚ್ಚಗೆ ಮಾಡಿದ್ದರು. ಆ ವಾಸನೆ ಪಡಸಾಲೆಗೆ ಬಂದದ್ದೇ ತಡ, ರಾಜೂರಿನ ಅಕ್ಕ ನೆನಪಾದಳು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನನ್ನ ಗಂಡನ ಅಣ್ಣನ ಹೆಂಡತಿ.

ನರಗುಂದದ ದೊರೆ ಕುಂಪಣಿ ಸರಕಾರದ ಮೇಲೆ ದಂಗೆ ಏಳುವುದಕ್ಕಿಂತ ಮುಂಚಿನ ಮಾತು. ನಾನು ಮದುವೆಯಾಗಿ ರಾಜೂರಿನ ಆ ಮನೆಗೆ ಆಗತಾನೇ ನಡೆಯಲು ಬಂದಿದ್ದೆ. ಅಕ್ಕನ ಕೂದಲು ನೆರೆಯತೊಡಗಿತ್ತು, ಮಕ್ಕಳಾಗಿರಲಿಲ್ಲ. ಮುಟ್ಟು ನಿಂತ ಕೆಲವು ತಿಂಗಳಿಗೆ ಅವಳ ಹೊಟ್ಟೆಯಲ್ಲಿ ಏನೋ ಬಡಿಯತೊಡಗಿತು. ನನ್ನ ಕೈ ಎಳೆದು ಅಲ್ಲಿಟ್ಟುಕೊಂಡು ನಕ್ಕಳು. ಅಂದಿನಿಂದ ಹೊಟ್ಟೆಗೆ ಎಣ್ಣೆ ತಿಕ್ಕಿಸಿಕೊಳ್ಳುವುದೇನು, ಹಳೆಯ ಸೀರೆ ಕತ್ತರಿಸಿ ಕೂಸಿಗೆ ಕುಂಚಿಗೆ ಹೊಲಿಯುವುದೇನು...

ಸೂಲಗಿತ್ತಿ ಬಂದಳು. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಅಕ್ಕನ ಮಣಿಕಟ್ಟಿನ ಮೇಲೆ ಇಟ್ಟು ಎರಡೂ ಕಡೆಯ ಬಡಿತ ನೋಡಿದಳು.

"ಯವ್ವಾ, ಕೂಸು ತನಗ ತಿಳಿದಾಗ ಒದೀತೈತಿ. ಇದು ನಿನ್ನ ನಾಡಿ ಕೂಡನ ಬಡ್ಯಾಕ ಹತ್ತೈತಿ. ವೈದ್ಯರಿಗೆ ತೋರಸ್ರಿ."

ಗಜೇಂದ್ರಗಡದಿಂದ ವೈದ್ಯರು ಬಂದರು. ಹೊಟ್ಟೆಯಲ್ಲಿ ಬಡಿಯುತ್ತಿದ್ದ ಗಂಟಿನ ಎರಡೂ ಬದಿಗೆ ಅಂಗೈ ಹಗುರಾಗಿ ಇಟ್ಟರು. ಬಡಿತ ಬಡಿತಕ್ಕೂ ಅವರ ಕೈಗಳು ಒಂದರಿಂದೊಂದು ದೂರ ಸರಿಯುವುದು ನನಗೆ ಕಾಣುತ್ತಿತ್ತು.

"ಒಳಗ ರಕ್ತದ ನಾಳ ಉಬ್ಬೇತಿ," ಎಂದರು.

"ಹಂಗಾರ ಕೂಸಲ್ಲೇನ್ರಿ?" ಅಕ್ಕ ಕೇಳಿದಳು.

"ಅಲ್ಲವ್ವಾ."

ಅವಳು ಸೆರಗು ಎಳೆದುಕೊಂಡು ಗೋಡೆಯ ಕಡೆ ಹೊರಳಿದಳು.

ಹೋಗುವಾಗ ವೈದ್ಯರು ನನ್ನನ್ನು ಕಟ್ಟೆಗೆ ಕರೆದರು. "ಇದಕ್ಕ ಔಷಧ ಇಲ್ಲವ್ವಾ. ಹೊಟ್ಟಿ ತಿಕ್ಕಬ್ಯಾಡ್ರಿ, ಕೊಡ ಎತ್ತಾಕ ಬಿಡಬ್ಯಾಡ್ರಿ. ಒಮ್ಮೆಲೆ ಬೆನ್ನು ನೋವು ಎದ್ದು ಮೈ ತಣ್ಣಗಾತಂದ್ರ ನಾಳ ಒಡದೈತಿ ಅಂತ ತಿಳೀರಿ. ಆಮ್ಯಾಲೆ ಯಾರ ಕೈಯಾಗೂ ಏನೂ ಇಲ್ಲ."

ಎಣ್ಣೆ ನಿಂತಿತು. ಅವಳು ಎದ್ದು ಕೂರುವಾಗ ಬೆನ್ನಿಗೆ ಕೈ ಕೊಡುತ್ತಿದ್ದೆ. ಹೊರಕಡೆಗೆ ಹೋದಾಗ ತಿಣುಕಬಾರದೆಂದು ನೆನೆಸಿದ ಒಣದ್ರಾಕ್ಷಿ ತಿನ್ನಿಸುತ್ತಿದ್ದೆ. ಮನೆಯಲ್ಲಿ ಜಗಳವೆದ್ದರೆ ಅವಳ ಕೋಣೆಯ ಬಾಗಿಲು ಮುಂದಕ್ಕೆಳೆದು ಮುಚ್ಚುತ್ತಿದ್ದೆ. ಅವಳೋ, ಮಲಗಿದಲ್ಲಿಂದಲೇ ನನಗೆ ಅಡಿಗೆ ಕಲಿಸಿದಳು. ರೊಟ್ಟಿ ಬಡಿಯುವ ಸಪ್ಪಳ ಕೇಳಿ, "ಇನ್ನಾ ದಪ್ಪ ಐತಿ ನೋಡು," ಎನ್ನುತ್ತಿದ್ದಳು. ಎದ್ದು ನೋಡದೆಯೇ ಹೇಗೆ ತಿಳಿಯುತ್ತಿತ್ತೋ... ಕುಂಚಿಗೆ ಹೊಲಿಯುವುದನ್ನೂ ಬಿಡಲಿಲ್ಲ. ಯಾರಿಗೆ ಎಂದು ನಾನು ಕೇಳಲಿಲ್ಲ.

ಮರುವರ್ಷ ನಾನು ಬಸುರಾದೆ. ಅವಳ ಎದುರು ಹೊಟ್ಟೆ ಹೊತ್ತು ಓಡಾಡಲು ಸಂಕೋಚವಾಗುತ್ತಿತ್ತು. ಒಂದು ಸಂಜೆ ಅವಳೇ ಹತ್ತಿರ ಕರೆದು ಅಂಗೈ ಇಟ್ಟಳು. ಒಳಗೆ ಕೂಸು ಜೋರಾಗಿ ಒದೆಯಿತು.

"ಇದು ಖರೇ ಕೂಸು," ಎಂದಳು. "ನನ್ನ ಮಾತು ಕೇಳೂದಿಲ್ಲ, ನಿನ್ನ ಮಾತೂ ಕೇಳೂದಿಲ್ಲ." ಇಬ್ಬರೂ ನಕ್ಕೆವು. ಅವಳ ಕಣ್ಣು ತುಂಬಿದ್ದವು. ಕೈಯನ್ನು ಮಾತ್ರ ತೆಗೆಯಲಿಲ್ಲ.

ಜೋಳದ ಸುಗ್ಗಿಯ ಹೊತ್ತಿಗೆ ಒಂದು ಮುಂಜಾನೆ, "ಬೆನ್ನು..." ಎಂದಳು. ಹಣೆ ಮುಟ್ಟಿದೆ, ತಣ್ಣಗಿತ್ತು. ವೈದ್ಯರಿಗೆ ಹೇಳಿಕಳಿಸಿದರು. ನನಗೆ ಗೊತ್ತಾಗಿತ್ತು. ಬೇರೇನೂ ಮಾಡುವುದಿರಲಿಲ್ಲ, ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತೆ. ಬಿಸಿಲೇರುವ ಮೊದಲೇ ಹೋಗಿಬಿಟ್ಟಳು.

ನನ್ನ ಮಗಳನ್ನು ಅವಳು ನೋಡಲಿಲ್ಲ. ಈಗ ಆ ಮಗಳಿಗೇ ತಲೆ ನೆರೆತಿದೆ. ಹೀಗೊಬ್ಬ ದೊಡ್ಡವ್ವ ಇದ್ದಳೆಂದು ಎಷ್ಟೋ ಸಲ ಹೇಳಿದ್ದೇನೆ. ಅವಳು ಹೂಂ ಎನ್ನುತ್ತಾಳೆ, ಕಾಣದವಳ ಬಗ್ಗೆ ಇನ್ನೇನು ಅನ್ನಬೇಕು? ಅಕ್ಕನ ಮುಖ ಕಂಡವರಲ್ಲಿ ಉಳಿದವಳು ನಾನೊಬ್ಬಳೇ.