ಕದಲದ ಗಾಡಿಯ ನಿಂಬೆಹಣ್ಣು
ಬೆಟಗೇರಿಯ ಚನ್ನಬಸವಣ್ಣ ಹಿತ್ತಲಲ್ಲಿ ಹಳೇ ಕಾಲದ, ಟಾಪಿಲ್ಲದ, ಎರಡೇ ಸೀಟಿನ ಕಾರೊಂದನ್ನು ಜೋಡಿಸತೊಡಗಿದಾಗಿನಿಂದ ಅಲ್ಲಿ ಕೊಡ ಇಡಲೂ ಜಾಗವಿಲ್ಲ. ಇಂಜಿನ್ ಗುಜರಿ ಜೀಪಿನದು, ಬಾನೆಟ್ ತಾನೇ ತಗಡು ಬಡಿದು ಮಾಡಿದ್ದು. ಹಾರ್ನ್ ಮಾತ್ರ ಮೊದಲ ದಿನದಿಂದಲೂ ಓಣಿಗೆಲ್ಲ ಕೇಳುತ್ತದೆ. ಯಾರು ವಿಚಾರಿಸಿದರೂ ಒಂದೇ ಉತ್ತರ: “ಆತ್ರಿ, ಇನ್ನೊಂದ್ ನಟ್ಟು ಬಾಕಿ ಐತಿ.” ಪ್ರತಿ ಖಂಡೇನವಮಿಯ ಆಯುಧಪೂಜೆಗೂ ಗಾಲಿಗಳ ಮುಂದೆ ನಿಂಬೆಹಣ್ಣು ಇಡುತ್ತಾನೆ. ಗಾಡಿ ಕದಲುವುದಿಲ್ಲ, ಮರುದಿನ ಹೆಂಡತಿ ಶೇಖವ್ವ ಅವನ್ನೇ ಹೆಚ್ಚಿ ಉಪ್ಪಿನಕಾಯಿ ಹಾಕುತ್ತಾಳೆ. “ನಿಮ್ಮ ಗಾಡಿ ಹೊಂಟ್ರ ನನ್ನ ಭರಣಿ ಖಾಲಿ ನೋಡ್ರಿ,” ಎಂದು ವರ್ಷವಿಡೀ ಚುಚ್ಚುವ ಅವಳೇ, ಪೂಜೆಯ ಸಂಜೆ ಇಳಕಲ್ಲ ಸೀರೆಯುಟ್ಟು ಅವನ ಪಕ್ಕದ ಸೀಟಿನಲ್ಲಿ ಕೂರುತ್ತಾಳೆ. ಅವನು ಬಾಯಲ್ಲೇ ಇಂಜಿನ್ನಿನ ಸದ್ದು ಮಾಡುತ್ತ ಗೇರು ಬದಲಿಸುತ್ತಾನೆ. ಅವಳು ಗಾಳಿಗೆ ಹಾರೀತೆಂದು ತಲೆಯ ಮೇಲಿನ ಸೆರಗನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾಳೆ.