ಅಯ್ಜಿರೆಕ್‌ಳ ಕೈಗುಣ

ನನ್ನ ತಂಗಿ ಅಯ್ಜಿರೆಕ್ ನರ್ಸಿಂಗ್ ಮುಗಿಸಿ ನಮ್ಮ ಕಿರ್ಗಿಜ್ ಬೆಟ್ಟಸೀಮೆಯ ಆಸ್ಪತ್ರೆಗೆ ಮೂರು ಸಲ ಅಲೆದಳು. ಮೂರು ಸಲವೂ ಅನುಭವ ಇಲ್ಲವೆಂದು ವಾಪಸ್ ಕಳಿಸಿದರು. ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು, ಸಂತೆಯಲ್ಲಿ ಸಿಗುತ್ತದೆಯೇ?

ನಾಲ್ಕನೆಯ ಸಲ ಹೆಡ್ ನರ್ಸ್ ಸಾಯ್ರಾಗುಲ್ ಅವಳನ್ನು ಒಬ್ಬ ಮುದುಕಿಯ ಮಂಚದ ಬಳಿಗೆ ಕರೆದೊಯ್ದಳು. "ಈ ಅಜ್ಜಿ ನರ ಯಾರಿಗೂ ಸಿಗಲ್ಲ. ನೀನೊಂದ್ಸಲ ನೋಡು."

ತಂಗಿ ಒಂದೇ ಸಲಕ್ಕೆ ನರ ಹಿಡಿದಳು. ಚುಚ್ಚಿದ್ದು ಮುದುಕಿಗೆ ಗೊತ್ತೇ ಆಗಲಿಲ್ಲ.

"ಕೈಗುಣ ಅಂದ್ರೆ ಇದು ಕಣೇ! ಮನೆಗೆ ಹೋಗಿರು, ನಾನೇ ಬಂದು ಹೇಳ್ತೀನಿ," ಎಂದಳು ಸಾಯ್ರಾಗುಲ್.

ಶುಕ್ರವಾರ ಬಂದಳು, ನಾಲ್ಕು ಹೆಂಗಸರ ಜೊತೆ, ಬೆಳ್ಳಿ ಓಲೆ ಹಿಡಿದುಕೊಂಡು. ಆ ಮುದುಕಿ ಅವಳ ಅತ್ತೆಯಂತೆ. ಸಾಯ್ರಾಗುಲ್ ತನ್ನ ಮಗನಿಗೆ ಹೆಣ್ಣು ಹುಡುಕುತ್ತಿದ್ದಳಂತೆ. ನಮ್ಮಲ್ಲಿ ಗಂಡಿನ ತಾಯಿ ಓಲೆ ತೊಡಿಸಿದಳೆಂದರೆ ಮಾತು ಮುಗಿಯಿತು. ಅಮ್ಮನಿಗೆ ಮೊದಲೇ ಗೊತ್ತಿತ್ತು; ಬೆಳಗಿನಿಂದ ನೆಂಟರಿಗೆಂದು ಹಿಟ್ಟಿನ ಬೋರ್ಸೋಕ್ ಕರಿಯುತ್ತಿದ್ದಳು.

"ಮತ್ತೆ ನನ್ ಕೆಲ್ಸ?" ಎಂದಳು ತಂಗಿ.

"ಕೆಲ್ಸ ಇಲ್ಲ ಅಂದೋರ್ಯಾರು? ನಮ್ಮತ್ತೇನ ಮನೆಗೆ ಕರ್ಕೊಂಡ್ಬಂದಿದೀನಿ. ದಿನಕ್ಕೆರಡು ಇಂಜೆಕ್ಷನ್. ಅನುಭವಾನೂ ಆಗುತ್ತೆ!"

ಹೆಂಗಸರೆಲ್ಲ ನಕ್ಕರು.

"ನನ್ ಕಿವಿ ತೂತು ಮುಚ್ಚಿಹೋಗಿದೆ," ಎಂದು ತಂಗಿ ಕೊನೆಯ ನೆಪ ಹೇಳಿದಳು. ನಿಜವೇ. ವಾರ್ಡಿನಲ್ಲಿ ಓಲೆ ಹಾಕಬಾರದೆಂದು ಓದುವಾಗೆಲ್ಲ ಬರಿಗಿವಿಯಲ್ಲೇ ಇದ್ದಳು.

ಸಾಯ್ರಾಗುಲ್ ಚೀಲದಿಂದ ಇಂಜೆಕ್ಷನ್ ಸೂಜಿ ತೆಗೆದಳು. ಮೂವತ್ತು ವರ್ಷದ ಅನುಭವ. ಕಿವಿಗೊಂದೇ ಚುಚ್ಚು ಸಾಕಾಯಿತು. ತಂಗಿಯ ತಲೆ ಅಲುಗದಂತೆ ಹಿಡಿದುಕೊಂಡವಳು ನಾನು.